ನೆಟ್‌ಸ್ಕೇಲರ್: ಅಪ್ಲಿಕೇಶನ್ ವಿತರಣೆ ಮತ್ತು ಜಾಲಭದ್ರತೆಯ ಕಂಪನಿಯೊಂದರ ಬೆಳವಣಿಗೆ

ನೆಟ್‌ಸ್ಕೇಲರ್ ಎಂಬುದು ಜಾಲತಾಣಗಳ ಮತ್ತು ಮೊಬೈಲ್ ಆ್ಯಪ್‌ಗಳ ಸರ್ವರ್‌ಗಳ ಮುಂದೆ ನಿಂತು, ಬಳಕೆದಾರರಿಂದ ಬರುವ ಕೋರಿಕೆಗಳನ್ನು ಹಂಚುವ, ಅವುಗಳಿಗೆ ವೇಗ ಕೊಡುವ ಮತ್ತು ಕೇಡಿನ ಕೋರಿಕೆಗಳನ್ನು ತಡೆಯುವ ಉಪಕರಣ. ಅದನ್ನು ರೂಪಿಸಿದ ಕಂಪನಿಯ ಹೆಸರೂ ಅದೇ. 1997ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಸುಸೈ ಸ್ಥಾಪಿಸಿದ ಈ ಕಂಪನಿಯನ್ನು ಬೆಂಗಳೂರು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವೀಧರ ಬಿ.ವಿ. ಜಗದೀಶ್ ಮುನ್ನಡೆಸಿ ಬೆಳೆಸಿದರು. 2005ರಲ್ಲಿ ಸಿಟ್ರಿಕ್ಸ್ ಸಿಸ್ಟಮ್ಸ್ ಇದನ್ನು ಕೊಂಡಿತು. 2022ರಿಂದ ಇದು ಕ್ಲೌಡ್ ಸಾಫ್ಟ್‌ವೇರ್ ಗ್ರೂಪ್‌ನ ಭಾಗವಾಗಿದೆ. ಉತ್ಪನ್ನದ ಅಭಿವೃದ್ಧಿಯಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲು ದೊಡ್ಡದು. ವೇಗದ ಉಪಕರಣವಾಗಿ ಹುಟ್ಟಿದ್ದು ಭದ್ರತೆಯ ಉಪಕರಣವಾಗಿ ಬದಲಾದದ್ದು, ಆಮೇಲೆ ತಾನೇ ದಾಳಿಕೋರರ ಗುರಿಯಾದದ್ದು, ಇವು ಈ ಕಂಪನಿಯ ಚರಿತ್ರೆಯ ಮುಖ್ಯ ತಿರುವುಗಳು. ಸರ್ಕಾರಿ ಸೇವೆಗಳು ಆನ್‌ಲೈನ್ ಆಗಿರುವ ಬೆಂಗಳೂರು ಗ್ರಾಮಾಂತರದಂಥ ಜಿಲ್ಲೆಗೂ ಈ ಚರಿತ್ರೆಯಿಂದ ಕಲಿಯುವುದಿದೆ.

ಹಿನ್ನೆಲೆ

1990ರ ದಶಕದ ನಡುವಿನಲ್ಲಿ ಜಾಲತಾಣಗಳಿಗೆ ಜನ ಹೆಚ್ಚಿದಂತೆ ಒಂದೇ ಸರ್ವರ್‌ನಿಂದ ಎಲ್ಲರಿಗೂ ಉತ್ತರಿಸುವುದು ಸಾಧ್ಯವಿಲ್ಲದಾಯಿತು. ಒಂದೇ ವಿಷಯವನ್ನು ಹಲವು ಸರ್ವರ್‌ಗಳಲ್ಲಿಟ್ಟು, ಬಂದ ಕೋರಿಕೆಗಳನ್ನು ಅವುಗಳ ನಡುವೆ ಹಂಚುವ ಲೋಡ್ ಬ್ಯಾಲೆನ್ಸರ್‌ಗಳು ಹುಟ್ಟಿದ್ದು ಈ ಅಗತ್ಯದಿಂದ. ಸಿಸ್ಕೊ ಕಂಪನಿಯ ಲೋಕಲ್ ಡೈರೆಕ್ಟರ್ 1996ರಲ್ಲಿ ಬಂತು. ಅದೇ ವರ್ಷ ಸಿಯಾಟಲ್‌ನಲ್ಲಿ ಎಫ್5 ಕಂಪನಿ ಆರಂಭವಾಗಿ, 1997ರಲ್ಲಿ ಬಿಗ್-ಐಪಿ ಎಂಬ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಇಸ್ರೇಲಿನ ರಾಡ್‌ವೇರ್ ಹುಟ್ಟಿದ್ದು ಸಹ 1997ರಲ್ಲಿ.

ಮೊದಲ ತಲೆಮಾರಿನ ಉಪಕರಣಗಳು ಬಹುಪಾಲು ಪ್ಯಾಕೆಟ್‌ನ ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನಷ್ಟೇ ನೋಡುತ್ತಿದ್ದವು. ಬಂದ ಸಂಪರ್ಕವನ್ನು ಯಾವುದಾದರೂ ಒಂದು ಸರ್ವರ್‌ಗೆ ದಾಟಿಸಿದರೆ ಅವುಗಳ ಕೆಲಸ ಮುಗಿಯುತ್ತಿತ್ತು. ಕೋರಿಕೆಯ ಒಳಗೆ ಏನಿದೆ, ಅದು ಚಿತ್ರಕ್ಕಾಗಿ ಬಂದದ್ದೋ ಹಣ ಪಾವತಿಗಾಗಿ ಬಂದದ್ದೋ ಎಂಬುದು ಅವುಗಳಿಗೆ ತಿಳಿಯುತ್ತಿರಲಿಲ್ಲ. ಸರ್ವರ್‌ಗಳ ನಿಜವಾದ ಹೊರೆ ಇದ್ದದ್ದು ಬೇರೆ ಕಡೆ. ಪ್ರತಿಯೊಂದು ಟಿಸಿಪಿ ಸಂಪರ್ಕವನ್ನು ತೆರೆಯಲು ಮೂರು ಹಂತದ ಸಂದೇಶ ವಿನಿಮಯ ನಡೆಯಬೇಕು, ಸಂಪರ್ಕ ಮುಗಿಯುವವರೆಗೂ ಅದರ ವಿವರಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಕೊನೆಗೆ ಅದನ್ನು ಮುಚ್ಚಬೇಕು. ಅಂದಿನ ಡಯಲ್‌ಅಪ್ ಬಳಕೆದಾರರ ನಿಧಾನದ ಸಂಪರ್ಕಗಳು ಸರ್ವರ್‌ನ ಶಕ್ತಿಯನ್ನು ಬಹಳ ಹೊತ್ತು ಹಿಡಿದಿಡುತ್ತಿದ್ದವು.

ಸ್ಥಾಪನೆ ಮತ್ತು ಆರಂಭದ ವರ್ಷಗಳು

ನೆಟ್‌ಸ್ಕೇಲರ್ ಕೈಹಾಕಿದ್ದು ಇದೇ ಸಮಸ್ಯೆಗೆ. ಬಳಕೆದಾರರ ಸಂಪರ್ಕಗಳನ್ನು ಸರ್ವರ್‌ವರೆಗೆ ಬಿಡದೆ ತನ್ನಲ್ಲೇ ಕೊನೆಗಾಣಿಸಿ, ಸರ್ವರ್‌ಗಳ ಜೊತೆ ಮೊದಲೇ ತೆರೆದಿಟ್ಟ ಕೆಲವೇ ಸಂಪರ್ಕಗಳ ಮೂಲಕ ಕೋರಿಕೆಗಳನ್ನಷ್ಟೇ ಕಳಿಸುವ ತಂತ್ರವನ್ನು ಕಂಪನಿ ರೂಪಿಸಿತು. ಇದನ್ನು ಅದು ರಿಕ್ವೆಸ್ಟ್ ಸ್ವಿಚಿಂಗ್ ಎಂದು ಕರೆಯಿತು. ಸಾವಿರಾರು ಬಳಕೆದಾರರ ಕೋರಿಕೆಗಳು ಬೆರಳೆಣಿಕೆಯ ಸಂಪರ್ಕಗಳಲ್ಲಿ ಹರಿಯತೊಡಗಿದವು. ಇದರಿಂದ ಅದೇ ಸರ್ವರ್ ಮೊದಲಿಗಿಂತ ಹಲವು ಪಟ್ಟು ಜನರಿಗೆ ಉತ್ತರಿಸುವುದು ಸಾಧ್ಯವಾಯಿತು.

ಕಂಪನಿಯ ಬೆಳವಣಿಗೆಯಲ್ಲಿ ನಿರ್ಣಾಯಕ ಪಾತ್ರ ಬಿ.ವಿ. ಜಗದೀಶ್ ಅವರದು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಮುಂಬಯಿಯ ಐಐಟಿಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದ ಅವರು 1994ರಲ್ಲಿ ಕೆ.ಬಿ. ಚಂದ್ರಶೇಖರ್ ಅವರ ಜೊತೆ ಸೇರಿ ಎಕ್ಸೋಡಸ್ ಕಮ್ಯುನಿಕೇಶನ್ಸ್ ಎಂಬ ಕಂಪನಿ ಕಟ್ಟಿದ್ದರು. ಅಮೆರಿಕದ ದೊಡ್ಡ ಜಾಲತಾಣಗಳ ಸರ್ವರ್‌ಗಳಿಗೆ ಜಾಗ, ವಿದ್ಯುತ್ ಮತ್ತು ಇಂಟರ್ನೆಟ್ ಸಂಪರ್ಕ ಒದಗಿಸುವ ಡೇಟಾ ಸೆಂಟರ್ ಉದ್ಯಮಕ್ಕೆ ತಳಹದಿ ಹಾಕಿದ ಕಂಪನಿಗಳಲ್ಲಿ ಎಕ್ಸೋಡಸ್ ಒಂದು. 1998ರಲ್ಲಿ ಅದು ಷೇರುಪೇಟೆಗೆ ಬಂತು. ಡಾಟ್‌ಕಾಂ ಕುಸಿತದ ಹೊಡೆತಕ್ಕೆ ಸಿಕ್ಕಿ 2001ರ ಸೆಪ್ಟೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಜಾಲತಾಣಗಳ ಹಿಂದಿನ ಯಂತ್ರಕೋಣೆಯನ್ನು ಹತ್ತಿರದಿಂದ ಕಂಡಿದ್ದ ಜಗದೀಶ್, 2000ದ ದಶಕದ ಆರಂಭದಲ್ಲಿ ನೆಟ್‌ಸ್ಕೇಲರ್‌ನ ಮುಖ್ಯ ಕಾರ್ಯನಿರ್ವಾಹಕರಾದರು.

ಅದು ಕಷ್ಟದ ಕಾಲ. ಡಾಟ್‌ಕಾಂ ಗ್ರಾಹಕರು ಒಬ್ಬೊಬ್ಬರಾಗಿ ಮಾಯವಾಗುತ್ತಿದ್ದರು. ಈ ಕ್ಷೇತ್ರದ ಕೆಲವು ಎದುರಾಳಿಗಳು ಅದಾಗಲೇ ದೊಡ್ಡ ಕಂಪನಿಗಳ ತೆಕ್ಕೆ ಸೇರಿದ್ದರು. 2000ದಲ್ಲಿ ನಾರ್ಟೆಲ್ ಕಂಪನಿ ಆಲ್ಟಿಯಾನ್ ವೆಬ್‌ಸಿಸ್ಟಮ್ಸ್ ಅನ್ನು, ಸಿಸ್ಕೊ ಕಂಪನಿ ಆ್ಯರೋಪಾಯಿಂಟ್ ಅನ್ನು ಕೊಂಡುಕೊಂಡಿದ್ದವು. ನೆಟ್‌ಸ್ಕೇಲರ್ ಸ್ವತಂತ್ರವಾಗಿ ಉಳಿದು, ಕೋರಿಕೆಗಳ ಹಂಚಿಕೆಯ ಜೊತೆಗೆ ಎಸ್‌ಎಸ್‌ಎಲ್ ಗೂಢಲಿಪಿಯ ಹೊರೆ ಹೊರುವುದು, ಪುಟಗಳನ್ನು ಕುಗ್ಗಿಸಿ ಕಳಿಸುವುದು, ಮತ್ತೆ ಮತ್ತೆ ಕೇಳುವ ವಿಷಯವನ್ನು ತನ್ನಲ್ಲೇ ಇಟ್ಟುಕೊಂಡು ಕೊಡುವುದು, ದಾಳಿಯ ಸಂಪರ್ಕಗಳನ್ನು ತಡೆಯುವುದು, ಇಷ್ಟನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿತು. ಮುಂದೆ ಇಂಥ ಉಪಕರಣಕ್ಕೆ ಅಪ್ಲಿಕೇಶನ್ ಡೆಲಿವರಿ ಕಂಟ್ರೋಲರ್, ಚಿಕ್ಕದಾಗಿ ಎಡಿಸಿ, ಎಂಬ ಹೆಸರು ರೂಢಿಗೆ ಬಂತು.

ಕೆಲಸ ಮಾಡುವ ಬಗೆ

ಎಡಿಸಿ ಉಪಕರಣವನ್ನು ಹಳೆಯ ಕೋಟೆಯೂರಿನ ಹೆಬ್ಬಾಗಿಲಿಗೆ ಹೋಲಿಸಬಹುದು: ಊರೊಳಗೆ ಹೋಗುವವರೆಲ್ಲ ಅದರ ಮೂಲಕವೇ ಹಾದುಹೋಗಬೇಕು. ಬ್ಯಾಂಕಿನ ಆ್ಯಪ್ ತೆರೆದವರ ಫೋನ್ ನೇರವಾಗಿ ಬ್ಯಾಂಕಿನ ಸರ್ವರ್ ಜೊತೆ ಮಾತಾಡುವುದಿಲ್ಲ. ಅದು ಮೊದಲು ತಲುಪುವುದು ಎಡಿಸಿಯ ವರ್ಚುವಲ್ ವಿಳಾಸವನ್ನು. ಉಪಕರಣವು ಗೂಢಲಿಪಿಯನ್ನು ಬಿಚ್ಚಿ ಕೋರಿಕೆಯನ್ನು ಓದುತ್ತದೆ, ನಿಯಮಗಳಿಗೆ ಹೋಲಿಸಿ ನೋಡುತ್ತದೆ, ಸರಿಯೆನಿಸಿದರೆ ಸೂಕ್ತ ಸರ್ವರ್‌ಗೆ ಕಳಿಸುತ್ತದೆ.

ಸರ್ವರ್ ಆಯ್ಕೆಗೆ ಹಲವು ವಿಧಾನಗಳಿವೆ. ಸರದಿಯಂತೆ ಹಂಚುವುದು ಅತ್ಯಂತ ಸರಳ. ಆ ಹೊತ್ತಿಗೆ ಕಡಿಮೆ ಸಂಪರ್ಕಗಳಿರುವ ಸರ್ವರ್‌ಗೆ ಕಳಿಸುವುದು, ಬೇಗ ಉತ್ತರಿಸುತ್ತಿರುವುದಕ್ಕೆ ಕಳಿಸುವುದು ಇನ್ನಷ್ಟು ಜಾಣತನದ ಕ್ರಮಗಳು. ಶಾಪಿಂಗ್ ಬುಟ್ಟಿಯಲ್ಲಿ ಸಾಮಾನು ತುಂಬುತ್ತಿರುವ ಗ್ರಾಹಕನನ್ನು ನಡುವೆ ಬೇರೆ ಸರ್ವರ್‌ಗೆ ತಳ್ಳಿದರೆ ಬುಟ್ಟಿ ಖಾಲಿಯಾದೀತು. ಆದ್ದರಿಂದ ಕುಕಿಯ ಗುರುತು ಹಿಡಿದು ಅದೇ ಸರ್ವರ್‌ಗೆ ಮರಳಿ ಕಳಿಸುವ ವ್ಯವಸ್ಥೆಯೂ ಇದೆ. ಉಪಕರಣವು ಕೆಲವು ಸೆಕೆಂಡುಗಳಿಗೊಮ್ಮೆ ಸರ್ವರ್‌ಗಳ ಆರೋಗ್ಯ ವಿಚಾರಿಸಿ, ಉತ್ತರ ಕೊಡದಿರುವುದನ್ನು ಪಟ್ಟಿಯಿಂದ ತೆಗೆಯುತ್ತದೆ. ಒಂದು ಊರಿನ ಡೇಟಾ ಸೆಂಟರ್ ಪೂರ್ತಿ ಕೈಕೊಟ್ಟರೆ ಬಳಕೆದಾರರನ್ನು ಇನ್ನೊಂದು ಊರಿನ ಡೇಟಾ ಸೆಂಟರ್‌ಗೆ ತಿರುಗಿಸುವ ಏರ್ಪಾಡೂ ಇರುತ್ತದೆ. ಎಡಿಸಿ ಕೆಟ್ಟರೆ ಎಲ್ಲವೂ ನಿಲ್ಲುವುದರಿಂದ ಎರಡು ಉಪಕರಣಗಳನ್ನು ಜೋಡಿಯಾಗಿ ಇಡುವುದು ವಾಡಿಕೆ. ಒಂದು ನಿಂತ ಕೂಡಲೇ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೆ.

ಸಿಟ್ರಿಕ್ಸ್ ಸೇರ್ಪಡೆ

1989ರಲ್ಲಿ ಎಡ್ ಇಯಾಕೊಬುಚಿ ಸ್ಥಾಪಿಸಿದ ಸಿಟ್ರಿಕ್ಸ್ ಕಂಪನಿಯ ಹೆಸರು ಕೇಳಿಬರುತ್ತಿದ್ದದ್ದು ದೂರದ ಕಂಪ್ಯೂಟರಿನಲ್ಲಿರುವ ವಿಂಡೋಸ್ ತಂತ್ರಾಂಶವನ್ನು ಎಲ್ಲಿಂದಲಾದರೂ ಬಳಸುವ ವ್ಯವಸ್ಥೆಗಾಗಿ. ಕಚೇರಿಯ ಕೆಲಸ ವಿಂಡೋಸ್‌ನಿಂದ ವೆಬ್‌ನತ್ತ ಸಾಗುತ್ತಿರುವುದನ್ನು ಕಂಡ ಅದು, 2005ರ ಜೂನ್‌ನಲ್ಲಿ ನೆಟ್‌ಸ್ಕೇಲರ್ ಅನ್ನು ನಗದು ಮತ್ತು ಷೇರುಗಳ ರೂಪದಲ್ಲಿ ಸುಮಾರು 30 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಆಗಸ್ಟ್‌ನಲ್ಲಿ ವ್ಯವಹಾರ ಪೂರ್ಣಗೊಂಡಿತು. ಜಗದೀಶ್ ಸಿಟ್ರಿಕ್ಸ್‌ನ ಅಪ್ಲಿಕೇಶನ್ ನೆಟ್‌ವರ್ಕಿಂಗ್ ವಿಭಾಗವನ್ನು ಕೆಲಕಾಲ ನೋಡಿಕೊಂಡರು.

ಅದೇ ವರ್ಷದ ಕೊನೆಗೆ ಸಿಟ್ರಿಕ್ಸ್, ವೆಬ್ ಅಪ್ಲಿಕೇಶನ್ ಫೈರ್‌ವಾಲ್ ತಯಾರಿಸುತ್ತಿದ್ದ ಟೆರೋಸ್ ಕಂಪನಿಯನ್ನೂ ಕೊಂಡಿತು. ಅದರ ತಂತ್ರವನ್ನು ನೆಟ್‌ಸ್ಕೇಲರ್‌ನೊಳಗೆ ಬೆಸೆಯಲಾಯಿತು. 2004ರಲ್ಲಿ ಕೊಂಡಿದ್ದ ನೆಟ್6 ಕಂಪನಿಯಿಂದ ಬಂದ ಎಸ್‌ಎಸ್‌ಎಲ್ ವಿಪಿಎನ್ ತಂತ್ರವೂ ಸಿಟ್ರಿಕ್ಸ್ ಬಳಿ ಇತ್ತು. ಹೀಗೆ ಗ್ರಾಹಕರಿಗೆ ಸೇವೆ ಕೊಡುವ ದಾರಿ, ನೌಕರರು ಮನೆಯಿಂದ ಕಚೇರಿಯ ಜಾಲ ಹೊಕ್ಕುವ ದಾರಿ, ಎರಡೂ ಒಂದೇ ಉಪಕರಣದಲ್ಲಿ ಸೇರಿದವು. ಮಾರಾಟಕ್ಕೆ ಇದು ಬಲ ಕೊಟ್ಟಿತು. ಮುಂದೆ ಎದುರಾದ ಅಪಾಯದ ಬೇರೂ ಇಲ್ಲೇ ಇತ್ತು.

2012ರ ಸೆಪ್ಟೆಂಬರ್‌ನಲ್ಲಿ ಸಿಸ್ಕೊ ತನ್ನ ಎಸಿಇ ಎಂಬ ಲೋಡ್ ಬ್ಯಾಲೆನ್ಸರ್‌ನ ಮುಂದಿನ ಅಭಿವೃದ್ಧಿ ನಿಲ್ಲಿಸುವುದಾಗಿ ಹೇಳಿ, ಈ ಕ್ಷೇತ್ರದಲ್ಲಿ ಸಿಟ್ರಿಕ್ಸ್ ಜೊತೆ ಕೈಜೋಡಿಸಿತು. ಮಾರುಕಟ್ಟೆಯಲ್ಲಿ ಎಫ್5 ಮೊದಲ ಸ್ಥಾನದಲ್ಲಿಯೇ ಮುಂದುವರಿದರೂ ಅದರ ಮುಖ್ಯ ಪ್ರತಿಸ್ಪರ್ಧಿಯಾಗಿ ನೆಟ್‌ಸ್ಕೇಲರ್ ನೆಲೆಯೂರಿತು.

ಬೆಂಗಳೂರು ಕೇಂದ್ರ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದೊಂದಿಗೆ ಬೆಂಗಳೂರಿಗೆ ಬಂದ ಮೇಲೆ ನಗರದಲ್ಲಿ ವಿದೇಶಿ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಒಂದೊಂದಾಗಿ ನೆಲೆಸಿದವು. ಸಿಸ್ಕೊ, ಜುನಿಪರ್‌ನಂಥ ಜಾಲೋಪಕರಣ ಕಂಪನಿಗಳ ಕೇಂದ್ರಗಳಲ್ಲಿ ಟಿಸಿಪಿ, ರೂಟಿಂಗ್, ಗೂಢಲಿಪಿಗಳ ಒಳಹೊರಗನ್ನು ಬಲ್ಲ ಎಂಜಿನಿಯರುಗಳ ಪೀಳಿಗೆಯೇ ಬೆಳೆಯಿತು. ನೆಟ್‌ಸ್ಕೇಲರ್ ತನ್ನ ಬೆಂಗಳೂರು ತಂಡವನ್ನು ಕಟ್ಟಿದ್ದು ಈ ನೆಲದ ಮೇಲೆ. ಸಿಟ್ರಿಕ್ಸ್‌ನ ಭಾರತೀಯ ಸಂಶೋಧನಾ ಮತ್ತು ಅಭಿವೃದ್ಧಿ ಕೇಂದ್ರ ನಗರದ ಹಲಸೂರು ರಸ್ತೆಯ ಸುತ್ತ ಬೆಳೆಯಿತು. ಉತ್ಪನ್ನದ ಅಭಿವೃದ್ಧಿ, ಪರೀಕ್ಷೆ, ಗ್ರಾಹಕರ ತಾಂತ್ರಿಕ ನೆರವು, ಇವೆಲ್ಲ ಇಲ್ಲಿ ನಡೆದವು.

ಸರ್ವರ್ ತಂತ್ರಾಂಶ ಬರೆಯುವುದಕ್ಕಿಂತ ಇದು ಬೇರೆ ಬಗೆಯ ಕೆಲಸ. ಪ್ರತಿ ಪ್ಯಾಕೆಟ್ ಹಾದುಹೋಗುವ ದಾರಿಯಲ್ಲಿ ಕೂತ ತಂತ್ರಾಂಶದಲ್ಲಿ ಒಂದು ತಪ್ಪು ನುಸುಳಿದರೆ ಗ್ರಾಹಕನ ಇಡೀ ವ್ಯವಹಾರ ನಿಲ್ಲುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಕೋರಿಕೆಗಳಿಗೆ ಉತ್ತರಿಸುವಾಗ ಪ್ರತಿ ಕೋರಿಕೆಗೆ ಸಿಗುವ ಸಮಯ ಮೈಕ್ರೊಸೆಕೆಂಡುಗಳ ಲೆಕ್ಕದ್ದು. ಇಂಥ ಕಟ್ಟುಪಾಡಿನಲ್ಲಿ ಪಳಗಿದ ಕೈಗಳು ಮುಂದೆ ಬೆಂಗಳೂರಿನ ಹಲವು ಜಾಲ ಮತ್ತು ಭದ್ರತಾ ಕಂಪನಿಗಳಿಗೆ ಹರಡಿದವು. 2012ರಲ್ಲಿ ಆರಂಭವಾಗಿ 2019ರಲ್ಲಿ ವಿಎಂವೇರ್ ಸೇರಿದ ಅವಿ ನೆಟ್‌ವರ್ಕ್ಸ್, 2000ದಲ್ಲಿ ಹುಟ್ಟಿ 2009ರಲ್ಲಿ ತೈವಾನ್ ಷೇರುಪೇಟೆಗೆ ಬಂದ ಅರೇ ನೆಟ್‌ವರ್ಕ್ಸ್, 2004ರಲ್ಲಿ ಲೀ ಚೆನ್ ಸ್ಥಾಪಿಸಿದ ಎ10 ನೆಟ್‌ವರ್ಕ್ಸ್, ಇವೆಲ್ಲ ಇದೇ ಕ್ಷೇತ್ರದವು ಮತ್ತು ಇವೆಲ್ಲಕ್ಕೂ ಬೆಂಗಳೂರಿನಲ್ಲಿ ನೆಲೆ ಸಿಕ್ಕಿತು.

ಪೆಟ್ಟಿಗೆಯಿಂದ ಸಾಫ್ಟ್‌ವೇರ್‌ಗೆ

ಮೊದಲ ದಶಕದಲ್ಲಿ ನೆಟ್‌ಸ್ಕೇಲರ್ ಎಂದರೆ ಡೇಟಾ ಸೆಂಟರ್‌ನ ರ‍್ಯಾಕ್‌ನಲ್ಲಿ ಕೂಡಿಸುವ ಉಕ್ಕಿನ ಪೆಟ್ಟಿಗೆ. ಅದರೊಳಗಿನ ವ್ಯವಸ್ಥೆಗೆ ಮುಕ್ತ ತಂತ್ರಾಂಶವಾದ ಫ್ರೀಬಿಎಸ್‌ಡಿ ಆಧಾರ. ಪ್ರೊಸೆಸರ್‌ಗಳ ವೇಗ ಏರುವುದು ನಿಂತು ಕೋರ್‌ಗಳ ಸಂಖ್ಯೆ ಏರತೊಡಗಿದಾಗ, 2009ರಲ್ಲಿ ಕಂಪನಿ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚುವ ಎನ್‌ಕೋರ್ ವಿನ್ಯಾಸವನ್ನು ತಂದಿತು. ಅದೇ ವರ್ಷ ವಿಪಿಎಕ್ಸ್ ಎಂಬ ಹೆಸರಿನಲ್ಲಿ, ಯಾವುದೇ ಸಾಮಾನ್ಯ ಸರ್ವರ್‌ನ ವರ್ಚುವಲ್ ಯಂತ್ರದಲ್ಲಿ ಓಡುವ ಆವೃತ್ತಿ ಬಂತು. ಹೊಸ ಪೆಟ್ಟಿಗೆ ಹಡಗಿನಲ್ಲಿ ಬರುವವರೆಗೆ ಕಾಯುವ ಅಗತ್ಯವಿಲ್ಲದೆ, ಡೌನ್‌ಲೋಡ್ ಮಾಡಿಕೊಂಡು ಚಾಲೂ ಮಾಡುವುದು ಸಾಧ್ಯವಾಯಿತು. ಆಮೇಲೆ ಒಂದೇ ಪೆಟ್ಟಿಗೆಯನ್ನು ಹಲವು ಗ್ರಾಹಕರಿಗೆ ಪಾಲು ಮಾಡುವ ಎಸ್‌ಡಿಎಕ್ಸ್, ಕಂಟೇನರ್ ರೂಪದ ಸಿಪಿಎಕ್ಸ್ ಸೇರಿದವು.

ಇದರ ಹಿಂದೆ ಮಾರುಕಟ್ಟೆಯ ಒತ್ತಡವಿತ್ತು. ಅಮೆಜಾನ್, ಮೈಕ್ರೊಸಾಫ್ಟ್, ಗೂಗಲ್ ಕ್ಲೌಡ್‌ಗಳು ತಮ್ಮದೇ ಲೋಡ್ ಬ್ಯಾಲೆನ್ಸರ್‌ಗಳನ್ನು ಸೇವೆಯಾಗಿ ಕೊಡತೊಡಗಿದವು. ಎಂಜಿನ್‌ಎಕ್ಸ್, ಎಚ್‌ಎಪ್ರಾಕ್ಸಿಯಂಥ ಮುಕ್ತ ತಂತ್ರಾಂಶಗಳು ಹಂಚಿಕೆಯ ಕೆಲಸವನ್ನು ಉಚಿತವಾಗಿ ಮಾಡತೊಡಗಿದವು. ಎಫ್5 ಕಂಪನಿ 2019ರಲ್ಲಿ ಎಂಜಿನ್‌ಎಕ್ಸ್ ಅನ್ನು 67 ಕೋಟಿ ಡಾಲರ್‌ಗೆ ಕೊಂಡದ್ದು ಇದೇ ಒತ್ತಡದ ಫಲ. ಬರೀ ಹಂಚಿಕೆಗೆ ಹಣ ಕೊಡುವವರು ಕಡಿಮೆಯಾದಂತೆ ಎಡಿಸಿ ಕಂಪನಿಗಳು ಭದ್ರತೆಯನ್ನು ಮುಂದಿಟ್ಟು ಮಾರತೊಡಗಿದವು.

ಭದ್ರತೆಯತ್ತ ಹೊರಳು

1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಸೇವಾ ಸಂಸ್ಥೆಯ ಮೇಲೆ ಅರ್ಧಂಬರ್ಧ ತೆರೆದ ಟಿಸಿಪಿ ಸಂಪರ್ಕಗಳ ಪ್ರವಾಹ ಹರಿಯಿತು. ಸೇವೆ ಹಲವು ದಿನ ಅಸ್ತವ್ಯಸ್ತವಾಯಿತು. ಸಂಪರ್ಕಗಳನ್ನು ತನ್ನಲ್ಲೇ ಕೊನೆಗಾಣಿಸುವ ಎಡಿಸಿಗೆ ಇಂಥ ದಾಳಿಯನ್ನು ಬಾಗಿಲಲ್ಲೇ ತಡೆಯುವುದು ಸಹಜವಾಗಿ ಒಗ್ಗಿತು. ಪೂರ್ಣಗೊಳ್ಳದ ಸಂಪರ್ಕ ಹಿಂದಿನ ಸರ್ವರ್ ತಲುಪುವುದೇ ಇಲ್ಲ.

ದಾಳಿಕೋರರು ಆಮೇಲೆ ಮೇಲಿನ ಪದರಕ್ಕೆ ಏರಿದರು. ಪೂರ್ಣವಾದ, ನೋಡಲು ನ್ಯಾಯಬದ್ಧವಾದ ಕೋರಿಕೆಗಳನ್ನೇ ಲಕ್ಷಗಟ್ಟಲೆ ಕಳಿಸತೊಡಗಿದರು. 2023ರಲ್ಲಿ ಎಚ್‌ಟಿಟಿಪಿ/2 ನಿಯಮಾವಳಿಯ ಒಂದು ಸೌಲಭ್ಯವನ್ನೇ ದುರುಪಯೋಗಪಡಿಸಿದ ದಾಳಿಯಲ್ಲಿ ಸೆಕೆಂಡಿಗೆ 39.8 ಕೋಟಿ ಕೋರಿಕೆಗಳು ಬಂದವೆಂದು ಗೂಗಲ್ ಪ್ರಕಟಿಸಿತು. ಕೋರಿಕೆಯೊಳಗೆ ಡೇಟಾಬೇಸ್ ಆದೇಶ ಅಡಗಿಸಿ ಕಳಿಸುವುದು, ಕದ್ದ ಪಾಸ್‌ವರ್ಡ್‌ಗಳನ್ನು ಯಂತ್ರದಿಂದ ಸರಣಿಯಾಗಿ ಪ್ರಯೋಗಿಸುವುದು ಇನ್ನಿತರ ಬಗೆಗಳು. ವೆಬ್ ಅಪ್ಲಿಕೇಶನ್ ಫೈರ್‌ವಾಲ್ ಪ್ರತಿ ಕೋರಿಕೆಯ ಒಳಗನ್ನು ಶೋಧಿಸುತ್ತದೆ. ಬಾಟ್ ಪತ್ತೆ ವ್ಯವಸ್ಥೆ ಕೋರಿಕೆ ಮನುಷ್ಯನದೋ ಯಂತ್ರದ್ದೋ ಎಂದು ಅಳೆಯುತ್ತದೆ. ಒಂದೇ ಖಾತೆ, ಒಂದೇ ವಿಳಾಸದಿಂದ ನಿಮಿಷಕ್ಕೆ ಇಷ್ಟೇ ಕೋರಿಕೆ ಎಂಬ ಮಿತಿಯನ್ನೂ ವಿಧಿಸಬಹುದು. ಈ ಎಲ್ಲವೂ ನೆಟ್‌ಸ್ಕೇಲರ್ ಮತ್ತು ಅದರ ಪ್ರತಿಸ್ಪರ್ಧಿಗಳ ಮುಖ್ಯ ಸರಕಾದವು.

ಕಾವಲುಗಾರನೇ ಗುರಿಯಾದಾಗ

ಎಡಿಸಿ ಉಪಕರಣ ಇಂಟರ್ನೆಟ್‌ಗೆ ಮುಖ ಮಾಡಿ ನಿಂತಿರುತ್ತದೆ, ಗೂಢಲಿಪಿ ಬಿಚ್ಚುವ ಕೀಲಿಗಳು ಅದರ ಬಳಿ ಇರುತ್ತವೆ, ಲಾಗಿನ್ ಆದವರ ಗುರುತುಗಳು ಅದರ ನೆನಪಿನಲ್ಲಿರುತ್ತವೆ. ಅದರಲ್ಲೊಂದು ಬಿರುಕು ಸಿಕ್ಕರೆ ದಾಳಿಕೋರನಿಗೆ ಒಳಗಿನ ಎಲ್ಲವೂ ತೆರೆದಂತೆ.

2019ರ ಡಿಸೆಂಬರ್ 17ರಂದು ಪ್ರಕಟವಾದ ಸಿವಿಇ-2019-19781 ಎಂಬ ದೋಷದ ಮೂಲಕ ಪಾಸ್‌ವರ್ಡ್ ಇಲ್ಲದೆಯೇ ಉಪಕರಣದಲ್ಲಿ ಆದೇಶಗಳನ್ನು ನಡೆಸಬಹುದಿತ್ತು. ಸರಿಪಡಿಸಿದ ಆವೃತ್ತಿಗಳು ಬರತೊಡಗಿದ್ದು 2020ರ ಜನವರಿ 19ರಿಂದ. ಅಷ್ಟರಲ್ಲಿ ದಾಳಿಗಳು ಆರಂಭವಾಗಿದ್ದವು. ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಶ್ವವಿದ್ಯಾಲಯದ ಆಸ್ಪತ್ರೆ 2020ರ ಸೆಪ್ಟೆಂಬರ್‌ನಲ್ಲಿ ರ‍್ಯಾನ್‌ಸಮ್‌ವೇರ್‌ಗೆ ತುತ್ತಾದದ್ದು ಇದೇ ದೋಷದ ದಾರಿಯಿಂದ. ತುರ್ತು ಚಿಕಿತ್ಸೆಗೆ ಬರುತ್ತಿದ್ದ ರೋಗಿಯೊಬ್ಬರನ್ನು ಬೇರೆ ಊರಿಗೆ ಕಳಿಸಬೇಕಾಯಿತು, ಅವರು ತೀರಿಕೊಂಡರು. ಸಾವಿಗೆ ಆ ವಿಳಂಬವೇ ಕಾರಣವೆಂಬುದು ತನಿಖೆಯಲ್ಲಿ ಸಾಬೀತಾಗಲಿಲ್ಲ. ಆದರೂ ಜಾಲದ ಉಪಕರಣವೊಂದರ ದೋಷ ಆಸ್ಪತ್ರೆಯ ಬಾಗಿಲನ್ನೇ ಮುಚ್ಚಿಸಬಲ್ಲದು ಎಂಬುದನ್ನು ಜಗತ್ತು ಅಂದು ಕಂಡಿತು.

2023ರ ಅಕ್ಟೋಬರ್‌ನಲ್ಲಿ ಬಯಲಾದ ಸಿವಿಇ-2023-4966, ಸಿಟ್ರಿಕ್ಸ್ ಬ್ಲೀಡ್ ಎಂದು ಕುಖ್ಯಾತವಾಯಿತು. ಉಪಕರಣದ ನೆನಪಿನ ತುಣುಕುಗಳು ಹೊರಗೆ ಸೋರಿ, ಅದರಲ್ಲಿ ಲಾಗಿನ್ ಆದವರ ಸೆಷನ್ ಟೋಕನ್‌ಗಳು ಸಿಗುತ್ತಿದ್ದವು. ಟೋಕನ್ ಕೈಗೆ ಬಂದರೆ ಪಾಸ್‌ವರ್ಡ್ ಬೇಡ, ಒಟಿಪಿಯೂ ಬೇಡ. ದೋಷ ಸರಿಪಡಿಸುವ ಪ್ಯಾಚ್ ಹಾಕಿದ ಮೇಲೂ ಹಳೆಯ ಸೆಷನ್‌ಗಳನ್ನು ಕೊನೆಗೊಳಿಸದೆ ಬಿಟ್ಟವರ ಜಾಲಗಳಿಗೆ ಕಳ್ಳರು ನಡೆದುಬಂದರು. ಬೋಯಿಂಗ್‌ನ ಬಿಡಿಭಾಗ ವಿಭಾಗ ದಾಳಿಗೊಳಗಾಯಿತು, ಅಮೆರಿಕದ ಕಾಮ್‌ಕಾಸ್ಟ್ ಕಂಪನಿಯ ಸುಮಾರು 3.6 ಕೋಟಿ ಗ್ರಾಹಕರ ವಿವರಗಳು ಸೋರಿದವು. 2025ರಲ್ಲಿ ಇದೇ ಬಗೆಯ ಮತ್ತೊಂದು ದೋಷ ಬೆಳಕಿಗೆ ಬಂತು. ಈ ಸಂಕಟ ಒಂದೇ ಕಂಪನಿಯದಲ್ಲ. ತನ್ನ ಒಳಜಾಲಕ್ಕೆ ಯಾವುದೋ ದೇಶದ ಬೆಂಬಲವಿರುವ ದಾಳಿಕೋರರು ನುಗ್ಗಿ ಬಿಗ್-ಐಪಿಯ ಮೂಲಸಂಕೇತದ ಭಾಗಗಳನ್ನು ಒಯ್ದಿದ್ದಾರೆಂದು ಎಫ್5 ಸಹ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.

ಮಾಲೀಕತ್ವದ ಬದಲಾವಣೆ

2018ರಲ್ಲಿ ಉತ್ಪನ್ನದ ಹೆಸರನ್ನು ಸಿಟ್ರಿಕ್ಸ್ ಎಡಿಸಿ ಎಂದು ಬದಲಿಸಲಾಯಿತು. 2022ರ ಸೆಪ್ಟೆಂಬರ್ 30ರಂದು ವಿಸ್ಟಾ ಈಕ್ವಿಟಿ ಮತ್ತು ಎಲಿಯಟ್‌ನ ಎವರ್‌ಗ್ರೀನ್ ಕೋಸ್ಟ್ ಕ್ಯಾಪಿಟಲ್ ಸಿಟ್ರಿಕ್ಸ್ ಅನ್ನು ಸಾಲವೂ ಸೇರಿ 1,650 ಕೋಟಿ ಡಾಲರ್‌ಗೆ ಕೊಂಡು, ಟಿಬ್ಕೊ ಕಂಪನಿಯ ಜೊತೆ ವಿಲೀನಗೊಳಿಸಿ ಕ್ಲೌಡ್ ಸಾಫ್ಟ್‌ವೇರ್ ಗ್ರೂಪ್ ರಚಿಸಿದವು. ಸಿಟ್ರಿಕ್ಸ್ ಷೇರುಪೇಟೆಯಿಂದ ಹೊರಬಂತು. ನೆಟ್‌ಸ್ಕೇಲರ್ ಪ್ರತ್ಯೇಕ ವಿಭಾಗವಾಗಿ ತನ್ನ ಹಳೆಯ ಹೆಸರನ್ನು ಮರಳಿ ಪಡೆಯಿತು.

ಬೆಂಗಳೂರು ಗ್ರಾಮಾಂತರದಲ್ಲಿ ಈ ತಂತ್ರದ ಅಗತ್ಯ

1986ರ ಆಗಸ್ಟ್ 15ರಂದು ರಚನೆಯಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ, 2007ರಲ್ಲಿ ರಾಮನಗರ ಜಿಲ್ಲೆ ಬೇರ್ಪಟ್ಟ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು ಉಳಿದವು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ನಡೆದ ರಾಜ್ಯ ಸಚಿವ ಸಂಪುಟದ ಸಭೆ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ನಿರ್ಧರಿಸಿತು. 2008ರ ಮೇ 24ರಂದು ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಇಲ್ಲಿನ ಜಮೀನಿನ ವ್ಯವಹಾರ ಏರುತ್ತಲೇ ಬಂದಿದೆ. ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಕಾರ್ಖಾನೆ ಬಂದಿದೆ. ದೊಡ್ಡಬಳ್ಳಾಪುರ ಮತ್ತು ಡಾಬಸ್‌ಪೇಟೆ ನಡುವೆ ಕ್ವಿನ್ ಸಿಟಿ ಎಂಬ ಹೊಸ ನಗರದ ಯೋಜನೆಗೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ಹೊಸಕೋಟೆ, ನೆಲಮಂಗಲ ಹೆದ್ದಾರಿಗಳ ಬದಿಯ ಗೋದಾಮುಗಳಿಂದ ಆನ್‌ಲೈನ್ ಖರೀದಿಯ ಸರಕು ಹೊರಡುತ್ತದೆ.

ಜಿಲ್ಲೆಯ ರೈತರಿಗೆ ಈ ತಂತ್ರ ಹತ್ತಿರವಾಗುವುದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಕ್ರಯಪತ್ರದ ನೋಂದಣಿ, ಋಣಭಾರ ಪ್ರಮಾಣಪತ್ರ, ಎಲ್ಲಕ್ಕೂ ಈಗ ಕಾವೇರಿ 2.0 ತಂತ್ರಾಂಶವೇ ದಾರಿ. 2023ರಲ್ಲಿ ರಾಜ್ಯದಾದ್ಯಂತ ಜಾರಿಯಾದ ಈ ವ್ಯವಸ್ಥೆಯ ಮೇಲೆ 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಡಿಡಾಸ್ ದಾಳಿ, ಅಂದರೆ ಕೋರಿಕೆಗಳ ಪ್ರವಾಹ ಹರಿಸಿ ಸೇವೆಯನ್ನು ಸ್ಥಗಿತಗೊಳಿಸುವ ದಾಳಿ, ನಡೆಯಿತು. ನಕಲಿ ಖಾತೆಗಳನ್ನು ತೆರೆದು, ಯಂತ್ರದ ಮೂಲಕ ಋಣಭಾರ ಪತ್ರದ ಹುಡುಕಾಟಗಳನ್ನು ಸುರಿಯಲಾಯಿತು. ಪ್ರಕಟವಾದ ವಿವರಗಳ ಪ್ರಕಾರ 62 ಖಾತೆಗಳು ಎರಡು ಗಂಟೆಗಳಲ್ಲಿ 6.2 ಲಕ್ಷ ಕೋರಿಕೆಗಳನ್ನು ಕಳಿಸಿದ್ದವು. ರಾಜ್ಯದುದ್ದಕ್ಕೂ ನೋಂದಣಿ ಕುಂಟಿತು, ಪ್ರಕರಣ ಪೊಲೀಸರ ಬಳಿ ಹೋಯಿತು.

ಬರೀ ಸರ್ವರ್‌ಗಳನ್ನು ಹೆಚ್ಚಿಸುವುದರಿಂದ ಇಂಥ ದಾಳಿ ನಿಲ್ಲುವುದಿಲ್ಲ. ಪ್ರತಿ ಹುಡುಕಾಟವೂ ಡೇಟಾಬೇಸ್‌ಗೆ ಭಾರವಾದ ಕೆಲಸ, ಪ್ರತಿಯೊಂದೂ ಲಾಗಿನ್ ಆದ ಖಾತೆಯಿಂದ ಬಂದದ್ದು. ಖಾತೆವಾರು ಮಿತಿ, ಬಾಟ್ ಪತ್ತೆ, ಖಾತೆ ತೆರೆಯುವಾಗಲೇ ಗುರುತಿನ ಪರಿಶೀಲನೆ ಇದ್ದರೆ ಮಾತ್ರ ನ್ಯಾಯವಾದ ಅರ್ಜಿದಾರನಿಗೆ ಜಾಗ ಉಳಿಯುತ್ತದೆ. ಅಂದರೆ ಅಪ್ಲಿಕೇಶನ್ ವಿತರಣೆಯ ಕಂಪನಿಗಳು ಎರಡು ದಶಕಗಳಲ್ಲಿ ಕಲಿತ ವಿದ್ಯೆಯೇ ಇಲ್ಲಿ ಬೇಕಾಗಿದೆ.

ಈ ದಿಸೆಯಲ್ಲಿ ಕಟ್ಟುಪಾಡುಗಳು ಬಿಗಿಯಾಗುತ್ತಿವೆ. ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿತು. 2024ರಲ್ಲಿ ಕರ್ನಾಟಕ ತನ್ನ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಸೈಸೆಕ್ ಎಂಬ ರಾಜ್ಯದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ತರಬೇತಿ ಮತ್ತು ಜಾಗೃತಿಯ ಕೆಲಸ ನಡೆಸುತ್ತಿದೆ.

ಮಹತ್ವ

ನೆಟ್‌ಸ್ಕೇಲರ್‌ನ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಎಲ್ಲರೂ ಹಾದುಹೋಗುವ ಜಾಗದಲ್ಲಿ ನಿಂತದ್ದರಿಂದಲೇ ಈ ಉಪಕರಣಕ್ಕೆ ಬೆಲೆ ಬಂತು, ಅದೇ ಕಾರಣಕ್ಕೆ ಅಪಾಯವೂ ಬಂತು. ಕೊಂಡು ಕೂಡಿಸಿದ ದಿನವೇ ಭದ್ರತೆ ಮುಗಿಯುವುದಿಲ್ಲ. ಪ್ಯಾಚ್ ಬಂದ ದಿನವೇ ಹಾಕುವ, ಹಳೆಯ ಸೆಷನ್‌ಗಳನ್ನು ಮುಚ್ಚುವ, ಲಾಗ್‌ಗಳನ್ನು ಓದುವ ನುರಿತ ಕೈಗಳು ಬೇಕು. ಎರಡನೆಯದಾಗಿ, ಆ ಕೈಗಳು ದೂರದಲ್ಲಿಲ್ಲ. ಜಗತ್ತಿನ ಬ್ಯಾಂಕುಗಳ ಬಾಗಿಲು ಕಾಯುವ ತಂತ್ರಾಂಶವನ್ನು ಬರೆದು, ಪರೀಕ್ಷಿಸಿ, ಮಧ್ಯರಾತ್ರಿ ದುರಸ್ತಿ ಮಾಡಿದ ಎಂಜಿನಿಯರುಗಳು ದೇವನಹಳ್ಳಿಯಿಂದ ಗಂಟೆಯ ಹಾದಿಯಲ್ಲಿದ್ದಾರೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಸರ್ವರ್ ಡೌನ್ ಎಂಬ ಮಾತು ಕೇಳಿ ಹಿಂದಿರುಗುವ ರೈತನಿಗೂ ಬ್ಯಾಂಕಿನ ಗ್ರಾಹಕನಿಗೆ ಸಿಗುವಷ್ಟೇ ಗಟ್ಟಿಯಾದ ಕಾವಲು ಸಲ್ಲಬೇಕು. ರಾಜ್ಯದ ಸಾರ್ವಜನಿಕ ಸೇವೆಗಳು ಈ ಅನುಭವವನ್ನು ಸಂಬಳ ಕೊಟ್ಟು, ಹುದ್ದೆ ಕೊಟ್ಟು ತಮ್ಮೊಳಗೆ ತಂದುಕೊಂಡರೆ ಬೆಂಗಳೂರಿನಲ್ಲಿ ಬೆಳೆದ ಈ ವಿದ್ಯೆಯ ಫಲ ಅದರ ಸುತ್ತಲಿನ ತಾಲ್ಲೂಕುಗಳಿಗೂ ದಕ್ಕುತ್ತದೆ.